ವಿಂಡೋಸ್ 11 ಜೊತೆಗೆ ಉಬುಂಟು: ಡೇಟಾ ಹೋಗದ ಹಾಗೆ ಹಾಕುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಇದೆ, 512 ಜಿಬಿ ಎಸ್‌ಎಸ್‌ಡಿ. ಕೆಲಸಕ್ಕೆ ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ ಬೇಕು, ಹಾಗಾಗಿ ವಿಂಡೋಸ್ ಬಿಡಲು ಆಗುವುದಿಲ್ಲ. ಕೋಡಿಂಗ್ ಕಲಿಯಲು ಪಕ್ಕದಲ್ಲೇ ಉಬುಂಟು 24.04 (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಹಾಕಬೇಕು. ಫೋಟೊ, ಫೈಲ್ ಎಲ್ಲ ಉಳಿಯುತ್ತವೆ ಅಲ್ವಾ?

ಉತ್ತರ 1:
ಉಳಿಯುತ್ತವೆ, ಆದರೂ ಮೊದಲು ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ತೆಗೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗೇ ಆನ್ ಆಗಿರುತ್ತದೆ, ಬಯೋಸ್‌ನಲ್ಲಿ (ಲ್ಯಾಪ್‌ಟಾಪ್ ಆನ್ ಆಗುವಾಗಿನ ಮೂಲ ಸೆಟ್ಟಿಂಗ್) ಏನಾದರೂ ಬದಲಾಯಿಸಿದರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದಿಲ್ಲದಿದ್ದರೆ ಡೇಟಾ ಸಿಗುವುದೇ ಇಲ್ಲ. ಕೀ ಬರೆದಿಟ್ಟುಕೊಂಡು ಬಿಟ್‌ಲಾಕರ್ ಆಫ್ ಮಾಡಿ, ಡಿಕ್ರಿಪ್ಟ್ (ಆ ಬೀಗ ತೆಗೆಯುವ ಕೆಲಸ) ಪೂರ್ತಿ ಮುಗಿಯಲಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಶ್ರಿಂಕ್ ಮಾಡಿ (ಕುಗ್ಗಿಸಿ) ಉಬುಂಟುಗೆ 100 ಜಿಬಿ ಖಾಲಿ ಬಿಡಿ.

ಉತ್ತರ 2:
ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಮಾಡಿ. ಆನ್ ಇದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗುವುದಿಲ್ಲ, ಆಗ ಉಬುಂಟುವಿನಿಂದ ವಿಂಡೋಸ್ ಡ್ರೈವ್ ಮುಟ್ಟಿದರೆ ಫೈಲ್ ಕೆಡಬಹುದು. ಇನ್‌ಸ್ಟಾಲ್ ಮಾಡುವಾಗ ‘ಇರೇಸ್ ಡಿಸ್ಕ್’ (ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ) ಮುಟ್ಟಲೇಬೇಡಿ!

ಉತ್ತರ 3:
ನಂತರ ವಿಂಡೋಸ್‌ನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿ ಬೇಡ. ಉಬುಂಟು ಲ್ಯಾಪ್‌ಟಾಪ್ ಒಳಗಿನ ಗಡಿಯಾರವನ್ನು ಯುಟಿಸಿಗೆ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಉಬುಂಟುವಿನಲ್ಲಿ ಲೋಕಲ್ ಟೈಮ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ.