‘ಪೋರ್ಟಬಲ್’ ಡೇಟಾ ಟೈಪ್: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಗಂಗಾವತಿ ಕಡೆಯ ಅಕ್ಕಿ ಗಿರಣಿಗಳ ಕಾಟಾಕ್ಕೆ ಸಾಫ್ಟ್‌ವೇರ್ ಬರೆಯುವ ಹುಡುಗರಿಗಾಗಿ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ‘ಪೋರ್ಟಬಲ್’ ಅನ್ನುವ ಪದದ ಹತ್ತಿರ ಕೆಲಸ ನಿಂತಿದೆ. ‘ಒಯ್ಯಬಹುದಾದ’ ಅಂತ ಬರೆಯೋದು ರೂಢಿ. ರೇಡಿಯೋಗೆ ಅದು ಸರಿ. ಡೇಟಾ ಟೈಪಿಗೆ, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಬೆಲೆಯನ್ನು ಯಾವ ರೂಪದಲ್ಲಿ, ಎಷ್ಟು ಜಾಗದಲ್ಲಿ ಇಡಬೇಕು ಅಂತ ಹೇಳುವ ಬಗೆಗೆ?

ಕೆಲಸ ಹೀಗಿದೆ. ಭತ್ತದ ಲಾರಿ ಕಾಟಾ ಹತ್ತಿದಾಗ ಒಂದು ಟೈಮ್, ಖಾಲಿ ಲಾರಿ ತೂಗಿದಾಗ ಇನ್ನೊಂದು ಟೈಮ್ ಫೈಲಿಗೆ ಹೋಗುತ್ತದೆ. ಎರಡೂ 1970ರ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಎಣಿಸಿದ ಸೆಕೆಂಡುಗಳು. ಸುಮಾರು ಜನ ಇದನ್ನು ಸುಮ್ನೆ ಸಿ ಭಾಷೆಯ ‘ಲಾಂಗ್’ ಅನ್ನುವ ಪೂರ್ಣಾಂಕದ ಟೈಪಿನಲ್ಲಿ ಇಡುತ್ತಾರೆ. ಆದರೆ ಲಾಂಗ್ ಅಂದರೆ 64-ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64-ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಲಿನಕ್ಸ್‌ನಲ್ಲಿ ಬರೆದ ಆ ಎಂಟೆಂಟು ಬೈಟನ್ನು ಗಿರಣಿಯ ವಿಂಡೋಸ್ ಕಂಪ್ಯೂಟರ್ ನಾಲ್ಕು ನಾಲ್ಕಾಗಿ ಓದುತ್ತದೆ. ಮೊದಲ ಟೈಮ್ ಸರಿಯಾಗೇ ಬರುತ್ತದೆ. ಎರಡನೆಯದರ ಜಾಗದಲ್ಲಿ ಮೊದಲನೆಯದರ ಉಳಿದ ನಾಲ್ಕು ಬೈಟ್, ಅಂದರೆ ಸೊನ್ನೆ. ಚೀಟಿಯಲ್ಲಿ 1-1-1970, ಬೆಳಿಗ್ಗೆ 5:30 ಅಂತ ಅಚ್ಚಾಗುತ್ತದೆ!

ಇನ್ನು 4 ಬೈಟ್ ತುಂಬಿಹೋಗುವುದು 2038ರ ಜನವರಿ 19ಕ್ಕೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8:44:07ಕ್ಕೆ. ಅದರ ಮುಂದಿನ ಸೆಕೆಂಡಿಗೆ ಲೆಕ್ಕ ಋಣಸಂಖ್ಯೆಗೆ ತಿರುಗಿ 1901ರ ಡಿಸೆಂಬರ್‌ಗೆ ಜಿಗಿಯುತ್ತದೆ. ಟೈಮ್ ಇಡೋಕೆ ಅಂತಲೇ ಇರುವ ‘ಟೈಮ್_ಟಿ’ ಟೈಪ್ ಬಳಸಿದರೂ ಫೈಲಿನ ಮಟ್ಟಿಗೆ ಭರವಸೆ ಇಲ್ಲ, ಅದು ಎಷ್ಟು ಬೈಟ್ ಅಂತ ಸಿ ಭಾಷೆಯ ನಿಯಮ ಹೇಳುವುದೇ ಇಲ್ಲ. ಅದಕ್ಕೇ ಫೈಲಿಗೆ ‘ಇಂಟ್64_ಟಿ’ ಅನ್ನುವ 64-ಬಿಟ್ ಪೂರ್ಣಾಂಕದ ಟೈಪ್ ಬಳಸಿ ಅಂತ ಬರೆದಿದ್ದೇನೆ. ಸಿ ಭಾಷೆಗೆ ಅದು 1999ರಲ್ಲೇ ಬಂತು, ಎಲ್ಲಿದ್ದರೂ 8 ಬೈಟೇ.

ಹಿಂದೆ ಊರಿಗೊಂದು ಸೇರು ಇತ್ತಲ್ವಾ, ಲಾಂಗ್ ಹಾಗೆ. ಇಂಟ್64_ಟಿ ಕಿಲೋ ಇದ್ದಹಾಗೆ. ಅಂದರೆ ಇಲ್ಲಿ ಮಾತು ಒಯ್ಯುವುದರದ್ದಲ್ಲ, ಅಳತೆಯದ್ದು. ‘ಸ್ಥಿರ ಅಳತೆ’ ಅನ್ನಬಹುದಿತ್ತು, ಆದರೆ ಹುಡುಗರು ಬದಲಾಗದ ಬೆಲೆಗೆ ಆಗಲೇ ‘ಸ್ಥಿರಾಂಕ’ ಅಂತ ಕಲಿತಿರುತ್ತಾರೆ, ಗೊಂದಲ ಜಾಸ್ತಿ. ‘ಕಟ್ಟಳತೆ’ ನನಗೆ ಇಷ್ಟ, ಆದರೆ ಓದುವಾಗ ‘ಕಟ್ಟಳೆ’ ಅಂತ ಕಾಣುತ್ತದೆ. ಸದ್ಯಕ್ಕೆ ಟೈಪಿಗೆ ‘ಒಂದಳತೆಯ’, ಇಡೀ ಪ್ರೋಗ್ರಾಮಿಗೆ ‘ಎಲ್ಲೆಡೆ ನಡೆಯುವ’ ಅಂತ ಎರಡು ಪದ ಇಟ್ಟುಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಇದೆ ಅಂತ ನಾವೂ ಒಂದರಲ್ಲೇ ತುರುಕಬೇಕಿಲ್ಲ. ಟೈಮ್‌ಸ್ಟ್ಯಾಂಪ್ (ಫೈಲಿಗೆ ಹೋಗುವ ಆ ಟೈಮ್) ಅನ್ನುವ ಪದ ಮಾತ್ರ ಹಾಗೇ ಇರಲಿ, ಎಲ್ಲರಿಗೂ ಗೊತ್ತಿದೆ.

‘ಒಂದಳತೆಯ ಟೈಪ್’ ಅಂದರೆ ನಿಮಗೆ ತಕ್ಷಣ ಏನು ಅರ್ಥ ಆಗುತ್ತದೆ? ರಾಯಚೂರು, ಬಳ್ಳಾರಿ ಕಾಲೇಜುಗಳಲ್ಲಿ ಪಾಠ ಮಾಡುವವರು ಇದಕ್ಕೆ ಏನಂತೀರಿ? ಬೇರೆ ಪದ ಬಳಕೆಯಲ್ಲಿದ್ದರೆ ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.