ಅಂಗಳದ ಭಜನೆಗೆ ಸಣ್ಣ ಆಂಪ್ಲಿಫೈಯರ್: 4 ಓಮೋ, 8 ಓಮೋ? ಮಾಡಿ ನೋಡಿದವರು ಹೇಳಿ

ಕೇಳಿದವರು, ಕಾರವಾರ ಕೋಡಿಬಾಗ
ತುಳಸಿ ಪೂಜೆಗೆ ಅಂಗಳದಲ್ಲಿ ಭಜನೆ ಇದೆ. ನಲವತ್ತು ಜನ ಸೇರಬಹುದು. ನನ್ನ ಹತ್ತಿರ ಟಿಪಿಎ 3116 ಚಿಪ್ಪಿನ ಸಣ್ಣ ಕ್ಲಾಸ್ ಡಿ ಆಂಪ್ಲಿಫೈಯರ್ ಇದೆ. ಎರಡು ಚಾನೆಲ್, 24 ವೋಲ್ಟ್ ಅಡಾಪ್ಟರ್. ಹಿಂದೆ '4 ರಿಂದ 8 ಓಮ್' (ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎಂದು ಬರೆದಿದೆ. 8 ಓಮಿನ ಹಳೆ ಬಾಕ್ಸ್ ಮೂರಿವೆ. ಒಂದು ಜಗಲಿಯಲ್ಲಿ, ಇನ್ನೆರಡು 25 ಮೀಟರ್ ಆಚೆ ತೆಂಗಿನ ಮರದ ಬುಡದಲ್ಲಿ. ಆ ಎರಡನ್ನು ಒಂದೇ ಚಾನೆಲ್ಲಿಗೆ ಕೊಡಬೇಕು, ಅಕ್ಕಪಕ್ಕ ಸೇರಿಸಿ (ಪ್ಯಾರಲಲ್) ಅಥವಾ ಒಂದರ ಹಿಂದೆ ಒಂದು (ಸೀರೀಸ್). ಪ್ಯಾರಲಲ್ಲಾ, ಸೀರೀಸಾ?

ತೋಟದವ, ಸಿದ್ದಾಪುರ
ಈ ಸುಖ ನಾನು ಉಂಡು ಮುಗಿಸಿದ್ದೇನೆ, ಕೇಳಿ. ಮನೆಯಿಂದ ಅಡಿಕೆ ಅಂಗಳದ ಆಚೆ ತುದಿಗೆ 50 ಮೀಟರ್. 0.75 ಚದರ ಎಂಎಂ ಜೋಡಿ ವಯರ್ ತಂದೆ, ಮೀಟರಿಗೆ 18 ರೂಪಾಯಿ, ಒಟ್ಟು 900. ತುದಿಯಲ್ಲಿ 8 ಓಮಿನ ಎರಡು ಬಾಕ್ಸ್ ಪ್ಯಾರಲಲ್, ಅಂದರೆ 4 ಓಮ್. ಹಾಡು ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿತು. ಆಂಪ್ಲಿಫೈಯರ್ ಹಾಳು ಅಂದುಕೊಂಡು ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಆಮೇಲೆ ಗೊತ್ತಾಯಿತು, ಹೋಗಿ ಬರುವ 100 ಮೀಟರ್ ವಯರೇ ಎರಡೂವರೆ ಓಮ್! ಹೊರಟದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ವಯರು ಬೆಚ್ಚಗೆ ಮಾಡಿಕೊಂಡು ಕೂತಿತ್ತು. 2.5 ಎಂಎಂ ವಯರಿಗೆ ಮತ್ತೆ 3,100 ಸುರಿದೆ. ಅದೂ ಮನಸ್ಸಿಗೆ ಬರಲಿಲ್ಲ.

ಕೊನೆಗೆ 100 ವೋಲ್ಟ್ ಲೈನ್ (ದೂರದ ವಯರಿಗೆ ವೋಲ್ಟೇಜ್ ಜಾಸ್ತಿ, ಕರೆಂಟ್ ಕಡಿಮೆ ಕಳಿಸುವ ವ್ಯವಸ್ಥೆ) ಇರುವ 40 ವ್ಯಾಟಿನ ಹಳೆ ಆಂಪ್ಲಿಫೈಯರ್, 4,500. ಹಾರ್ನ್ ಎರಡು, 3,800. ಲೈನ್ ಟ್ರಾನ್ಸ್‌ಫಾರ್ಮರ್ ಎರಡು, 700. ಟ್ರಾನ್ಸ್‌ಫಾರ್ಮರಿನ ಹತ್ತು ವ್ಯಾಟಿನ ಟ್ಯಾಪಿಗೆ (ತಂತಿ ತುದಿಗೆ) ಹಾಕಿದರೆ ಒಂದೊಂದು ಹಾರ್ನೂ ಸಾವಿರ ಓಮ್ ಆಗಿ ಕಾಣುತ್ತದೆ. ವಯರಿನ ಎರಡು ಮೂರು ಓಮ್ ಅದಕ್ಕೆ ಯಾವ ಲೆಕ್ಕ? ಮೊದಲಿನ 0.75 ವಯರನ್ನೇ ಮತ್ತೆ ಎಳೆದೆ. ಒಟ್ಟು ಖರ್ಚು 13,000. ಮನೆಯಲ್ಲಿ ಆರು ಸಾವಿರ ಎಂದು ಹೇಳಿದ್ದೇನೆ.

ಬಾಕ್ಸ್ ಕಟ್ಟುವವ, ಶಿರಸಿ
ಹಾರ್ನಿನಲ್ಲಿ ಭಜನೆಯಾ ಭಾವಾ? ತರಕಾರಿ ಗಾಡಿ ಬಂತು ಅಂತ ಜನ ಚೀಲ ಹಿಡಿದು ಬರುತ್ತಾರೆ. ಮದ್ದಲೆಯ ಎಡಮುಖ ಹಾರ್ನಿನಲ್ಲಿ ಬರುವುದೇ ಇಲ್ಲ, ಎಣ್ಣೆ ಡಬ್ಬ ಬಡಿದ ಹಾಗೆ.

ಎಲ್ಲರೂ ಓಮ್ ಓಮ್ ಎಂದು ಜಪ ಮಾಡುತ್ತೀರಿ. 8 ಓಮಿನಿಂದ 4 ಓಮಿಗೆ ಇಳಿದರೆ ಹೆಚ್ಚೆಂದರೆ ಎರಡು ಪಟ್ಟು ವ್ಯಾಟ್. ಅದು ಬರೀ 3 ಡೆಸಿಬೆಲ್. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಹೋಗುವುದು 6 ಡೆಸಿಬೆಲ್. ಗೋಡೆ ಇಲ್ಲ, ಮಾಡು ಇಲ್ಲ, ವಾಪಸ್ ಬರುವುದು ಏನೂ ಇಲ್ಲ. ನಾನು 88 ಡೆಸಿಬೆಲ್ಲಿನ (ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಬರುವ ಸದ್ದು) ಸ್ಪೀಕರ್ ತೆಗೆದು 97 ಇರುವ ಹನ್ನೆರಡು ಇಂಚಿನದು ಹಾಕಿದೆ. ಅದೇ ಆಂಪ್ಲಿಫೈಯರ್, ವ್ಯಾಟ್ ಎಂಟು ಪಟ್ಟು ಮಾಡಿದ ಹಾಗಾಯಿತು. ಆದರೆ ಅದಕ್ಕೂ ಮೊದಲು ಮರ್ಯಾದೆ ಕಳೆದುಕೊಂಡೆ. ಹೊಸ ಸ್ಪೀಕರಿಗೆ ಮಲ್ಟಿಮೀಟರ್ ಹಿಡಿದರೆ 6.4 ಓಮ್ ತೋರಿಸಿತು. 8 ಎಂದು ಹೇಳಿ ಮೋಸ ಮಾಡಿದ್ದಾರೆ ಅಂತ ಹುಬ್ಬಳ್ಳಿಯ ಅಂಗಡಿಗೆ ಬಸ್ಸಿನಲ್ಲಿ ಹೊತ್ತುಕೊಂಡು ಹೋದೆ. ಅಂಗಡಿಯ ಹುಡುಗ ಕಪಾಟಿನಲ್ಲಿದ್ದ ಐದಕ್ಕೂ ಮೀಟರ್ ಹಿಡಿದು ತೋರಿಸಿದ. ಎಲ್ಲವೂ ಆರು ಚಿಲ್ಲರೆ. ಮೀಟರ್ ತೋರಿಸುವುದು ಡಿಸಿ, 8 ಅಂತ ಬರೆಯುವುದು ಎಸಿಗೆ. ಒಂದು ದಿನ ಹಾಳು, ಬಸ್ ಚಾರ್ಜು ಬೇರೆ.

ಮೈಕ್ ಸೆಟ್ಟಿನವ, ಕುಮಟಾ
ಇಬ್ಬರೂ ಕಥೆ ಹೇಳುತ್ತಿದ್ದೀರಿ, ಆ ಮನುಷ್ಯ ತನ್ನ ಬೋರ್ಡ್ ಸುಟ್ಟುಕೊಳ್ಳುತ್ತಾನೆ. 3116 ಬ್ರಿಡ್ಜ್ ಔಟ್‌ಪುಟ್. ಮೈನಸ್ಸಿನಲ್ಲೂ ಸಿಗ್ನಲ್ ಇರುತ್ತದೆ, ಅದು ಅರ್ಥ್ ಅಲ್ಲ. ನಾನು ಮೂವತ್ತು ವರ್ಷ ಹಳೆ ಸೆಟ್ ಓಡಿಸಿದವ. ಮೈನಸ್ ಎಲ್ಲದಕ್ಕೂ ಒಂದೇ ಅಲ್ವಾ ಎಂದು ವಯರ್ ಉಳಿಸಲು ಎರಡು ಚಾನೆಲ್ಲಿಗೂ ಸೇರಿಸಿ ಮೂರು ತಂತಿಯ ಕೇಬಲ್ ಎಳೆದೆ. ಎರಡು ಸಲ ತಾನೇ ಬಂದ್ ಆಗಿ ಎಚ್ಚರಿಸಿತು. ಮೂರನೇ ಸಲ ಹೊಗೆ. ಆಗ ಸತ್ಯನಾರಾಯಣ ಕಥೆಯ ನಾಲ್ಕನೇ ಅಧ್ಯಾಯ. ಬೋರ್ಡ್ 750, ಬರಲು ಆರು ದಿನ. ಎರಡನೆಯದಕ್ಕೆ ನಾಬ್ ಕೂರಲಿಲ್ಲ, ಮತ್ತೆ 750. ಆ ಮನೆಯವರು ಬಾಡಿಗೆ 1,500ರಲ್ಲಿ ಐನೂರು ಹಿಡಿದುಕೊಂಡರು. ಪ್ರಸಾದ ಮಾತ್ರ ಕೊಟ್ಟರು.

ಶಿರಸಿಯವರೇ, ನಿಮ್ಮ 97 ಡೆಸಿಬೆಲ್ ಬಾಕ್ಸಿನ ತೂಕ ಎಷ್ಟು? ದೇವಿಮನೆ ಘಟ್ಟದಲ್ಲಿ ಓಮ್ನಿಯಲ್ಲಿ ಇಳಿಸಿ ನೋಡಿ, ಆಮೇಲೆ ಹಾರ್ನಿಗೆ ನಗಿ.

ಬಾಕ್ಸ್ ಕಟ್ಟುವವ, ಶಿರಸಿ
22 ಕೆಜಿ. ಕೆಲಸ ಮಾಡುವವರಿಗೆ ಅದು ಭಾರ ಅಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆಗ ಮೈಕ್ ಸೆಟ್ಟಿನವರು ಹೇಳುವ ಬಾಡಿಗೆ ಅದಕ್ಕಿಂತ ಭಾರ.

ಮೈಕ್ ಸೆಟ್ಟಿನವ, ಕುಮಟಾ
ಮಳೆಗಾಲ ನಾಲ್ಕು ತಿಂಗಳು ಸೆಟ್ ಕಟ್ಟಿಟ್ಟು ಕೂರುತ್ತೇವೆ ಮಾರಾಯ್ರೆ. ಆಗ ನೀವು ಅಕ್ಕಿ ತಂದು ಕೊಡ್ತೀರಾ?

ಬ್ಯಾಟರಿಯವ, ಅಂಕೋಲಾ
ಅಡಾಪ್ಟರ್ ಬಗ್ಗೆ ಒಬ್ಬರಾದರೂ ಕೇಳಿದಿರಾ? ನನ್ನದು 24 ವೋಲ್ಟ್, 2 ಆಂಪಿಯರ್. 8 ಓಮಿನಲ್ಲಿ ಚೆನ್ನಾಗಿತ್ತು. 4 ಓಮ್ ಮಾಡಿದ ದಿನದಿಂದ ಚಂಡೆಯ ಜೋರು ಪೆಟ್ಟು ಬಿದ್ದಾಗೆಲ್ಲ ಆಂಪ್ಲಿಫೈಯರ್ ಬಂದ್, ಮತ್ತೆ ಚಾಲೂ. ರಾಕ್ಷಸ ರಂಗಕ್ಕೆ ಬರುತ್ತಾನೆ, ಸದ್ದೇ ಇಲ್ಲ. ಓಮ್ ಅರ್ಧ ಆದರೆ ಕರೆಂಟ್ ಎರಡು ಪಟ್ಟು. 5 ಆಂಪಿಯರಿನದು ತಂದೆ, 1,150. ಅದನ್ನು ತಂದ ವಾರವೇ ನಮ್ಮ ಕಡೆ ರಾತ್ರಿ ಕರೆಂಟ್ ಹೋಯಿತು. ಈಗ 12 ವೋಲ್ಟ್ ಬ್ಯಾಟರಿ. ಅದರಲ್ಲಿ 8 ಓಮಿಗೆ ಎಂಟೊಂಬತ್ತು ವ್ಯಾಟ್ ಬಂದರೆ ಪುಣ್ಯ, ಹಾಗಾಗಿ 4 ಓಮೇ ಬೇಕು. 1,150ರ ಅಡಾಪ್ಟರ್ ಕಪಾಟಿನಲ್ಲಿದೆ, ಬೇಕಾದವರು ಹೇಳಿ.

ನಿದ್ದೆಗೆಟ್ಟವಳು, ಹೊನ್ನಾವರ
ಎಷ್ಟು ಓಮ್ ಆದರೂ ಹಾಕಿಕೊಳ್ಳಿ, ರಾತ್ರಿ ಹತ್ತಕ್ಕೆ ಬಂದ್ ಮಾಡಿ. 2000ನೇ ಇಸವಿಯಿಂದ ನಿಯಮ ಇದೆ, ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ. ನಮ್ಮ ಪಕ್ಕದ ಮನೆಯಲ್ಲಿ ಹಾರ್ನನ್ನು ನೇರ ನಮ್ಮ ಕಿಟಕಿಗೆ ತಿರುಗಿಸಿ ಕಟ್ಟಿದ್ದರು. ಕೇಳಲು ಹೋದರೆ "ದೇವರ ಹಾಡು ಅಲ್ವಾ ಅಕ್ಕಾ" ಎಂದರು. ಆ ವಾರ ನನ್ನ ಮಗಳ ಪರೀಕ್ಷೆ.

ತೋಟದವ, ಸಿದ್ದಾಪುರ
ರಾಜ್ಯ ಸರ್ಕಾರ ವರ್ಷಕ್ಕೆ ಹದಿನೈದು ದಿನದವರೆಗೆ ಹನ್ನೆರಡು ಗಂಟೆ ತನಕ ಬಿಡಬಹುದು ಎಂದೂ ಅದರಲ್ಲೇ ಇದೆ. ಅರ್ಧ ಓದಿ ಹೇಳಬೇಡಿ.

ನಿದ್ದೆಗೆಟ್ಟವಳು, ಹೊನ್ನಾವರ
ಆ ಹದಿನೈದರಲ್ಲಿ ನಿಮ್ಮ ಮನೆಯ ಸತ್ಯನಾರಾಯಣ ಪೂಜೆಯ ಹೆಸರು ಬರೆದಿದೆಯಾ?

ಮೈಕ್ ಸೆಟ್ಟಿನವ, ಕುಮಟಾ
ಸತ್ಯನಾರಾಯಣ ಪೂಜೆ ನನ್ನದು ಅಕ್ಕಾ, ಅವರದಲ್ಲ. ಅದು ಎಂಟೂವರೆಗೇ ಸುಟ್ಟು ಹೋಗಿತ್ತು.

ಕೇಳಿದವರು, ಕಾರವಾರ ಕೋಡಿಬಾಗ
ಎಲ್ಲರದ್ದೂ ಓದಿದೆ. ಮೈನಸ್ ಬೇರೆ ಬೇರೆ ಎಳೆಯುತ್ತೇನೆ. ಹಾರ್ನ್ ಬೇಡ, ದುಡ್ಡಿಲ್ಲ. ಉಪ್ಪು ಗಾಳಿಗೆ ಬಾಕ್ಸಿನ ಟರ್ಮಿನಲ್ ಎಲ್ಲ ಹಸಿರು ಕಿಲುಬು ಹಿಡಿದಿತ್ತು, ಮರಳು ಕಾಗದದಿಂದ ಉಜ್ಜಿದೆ. ಈಗಲಾದರೂ ಹೇಳಿ, ಪ್ಯಾರಲಲ್ಲಾ, ಸೀರೀಸಾ?

ಮೈಕ್ ಸೆಟ್ಟಿನವ, ಕುಮಟಾ
ಪ್ಯಾರಲಲ್. 4 ಓಮ್ ಆಗುತ್ತದೆ, ಬೋರ್ಡ್ ತಡೆಯುತ್ತದೆ. ಮೂರನೆಯದನ್ನು ಆ ಚಾನೆಲ್ಲಿಗೆ ಸೇರಿಸಬೇಡಿ. ವಯರ್ ಒಂದೂವರೆ ಎಂಎಂಗಿಂತ ಕಡಿಮೆ ಬೇಡ.

ಬಾಕ್ಸ್ ಕಟ್ಟುವವ, ಶಿರಸಿ
ಸೀರೀಸ್ ಮಾಡಿ. 16 ಓಮ್ ಆದರೆ ವ್ಯಾಟ್ ಕಡಿಮೆ, ನಿಜ. ಆದರೆ ಬೋರ್ಡ್ ತಣ್ಣಗಿರುತ್ತದೆ, ವಯರ್ ತೆಳ್ಳಗಿದ್ದರೂ ನಡೆಯುತ್ತದೆ. ನಲವತ್ತು ಜನರ ಭಜನೆಗೆ ಅಷ್ಟು ಸಾಕು.

ಬ್ಯಾಟರಿಯವ, ಅಂಕೋಲಾ
ಪ್ಯಾರಲಲ್ ಮಾಡುವುದಾದರೆ ನಿಮ್ಮ ಅಡಾಪ್ಟರ್ ಎಷ್ಟು ಆಂಪಿಯರ್? ನನ್ನದು ಹೊಸದರ ಹಾಗೇ ಇದೆ. 900ಕ್ಕೆ ಕೊಡುತ್ತೇನೆ.