ಹುಲ್ಲು ಹೊಡೆಯುವ ಮಿಷನ್ನಿಗೆ ಮನೆಯಲ್ಲೇ ಪ್ಯಾಕಿಂಗ್ ಕತ್ತರಿಸಿದವರು ಇದ್ದೀರಾ?

ಕೊಪ್ಪದಿಂದ

ನಮ್ಮದು 43 ಸಿಸಿ ಟೂ ಸ್ಟ್ರೋಕ್ ಮಿಷನ್. ಕ್ಲೀನ್ ಮಾಡೋಣ ಅಂತ ಕಾರ್ಬೊರೇಟರ್ ಬಿಚ್ಚಿದೆ, ಇಂಜಿನ್ನಿಗೂ ಅದಕ್ಕೂ ನಡುವೆ ಸಂದಿ ಮುಚ್ಚುವ ಕಾಗದದ ಪ್ಯಾಕಿಂಗ್ (ಗ್ಯಾಸ್ಕೆಟ್) ಅರ್ಧ ಇತ್ತ ಅರ್ಧ ಅತ್ತ ಅಂಟಿಕೊಂಡು ಹರಿದೇ ಹೋಯಿತು. ಅಂಗಡಿಯವರು ಅದೊಂದೇ ಬರುವುದಿಲ್ಲ, ಸೆಟ್ ತರಿಸಬೇಕು, ಎಂಟು ದಿನ ಅಂದರು. ತೋಟದಲ್ಲಿ ಹುಲ್ಲು ಮೊಣಕಾಲು ದಾಟಿದೆ. ಮನೆಯಲ್ಲೇ ಕತ್ತರಿಸಿ ಹಾಕಬಹುದಾ? ಸುಮ್ನೆ ಸಿಲಿಕಾನ್ ಪೇಸ್ಟ್ ಹಚ್ಚಿ ಕೂರಿಸಿದರೆ ಆಗಲ್ವಾ?

ಪುತ್ತೂರಿನಿಂದ

ಪೇಸ್ಟ್ ಮಾತ್ರ ಬೇಡ ಮಾರಾಯ್ರೇ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ, ಚೂರು ಕಿತ್ತು ಒಳಗೆ ಹೋಗುತ್ತದೆ. ನಾನು ಆ ಬುದ್ಧಿವಂತಿಕೆ ಮಾಡಿ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಆಟೊಮೊಬೈಲ್ ಅಂಗಡಿಯಲ್ಲಿ ಪ್ಯಾಕಿಂಗ್ ಶೀಟ್ ಸಿಗುತ್ತದೆ, ಆಸ್ಬೆಸ್ಟಾಸ್ ಇಲ್ಲದ್ದು ಕೇಳಿ. ಕಾರ್ಬೊರೇಟರಿಗೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನದು ಸಾಕು, ಆದರೂ ಹಳೆಯದರ ತುಂಡನ್ನು ಒಯ್ದು ದಪ್ಪ ಹೋಲಿಸಿ ನೋಡಿ. ಲೋಹದ ಮುಖಕ್ಕೆ ತೆಳ್ಳಗೆ ಗ್ರೀಸ್ ಸವರಿ ಶೀಟಿನ ಮೇಲೆ ಒತ್ತಿದರೆ ಅಚ್ಚು ಬೀಳುತ್ತದೆ. ಮೊದಲು ಬೋಲ್ಟಿನ ತೂತು ಮಾಡಿ, ಆಮೇಲೆ ನಡುವಿನ ದೊಡ್ಡ ತೂತು, ಹೊರಗಿನ ಅಂಚು ಕೊನೆಗೆ. ಅಂಚು ಮೊದಲು ಕತ್ತರಿಸಿದರೆ ತೂತು ಹೊಡೆಯುವಾಗ ಹಿಡಿದುಕೊಳ್ಳಲು ಏನೂ ಇರುವುದಿಲ್ಲ, ಹರಿಯುತ್ತದೆ. ನನ್ನ ಪಂಚ್ ಹಳೇ ರೇಡಿಯೋ ಆಂಟೆನಾ. ಒಂದೊಂದು ತುಂಡು ಒಂದೊಂದು ಅಳತೆ, ತುದಿ ಅರದಲ್ಲಿ ಉಜ್ಜಿ ಚೂಪು ಮಾಡಿದ್ದೇನೆ. ಕೆಲವರು ಶೀಟನ್ನು ಇಂಜಿನ್ ಮೇಲೇ ಇಟ್ಟು ಸುತ್ತಿಗೆಯಲ್ಲಿ ಅಂಚು ತಟ್ಟುತ್ತಾರೆ. ಬೀಡು ಕಬ್ಬಿಣಕ್ಕೆ ಅದು ಸರಿ, ಈ ಸಣ್ಣ ಮಿಷನ್ನಿನ ಅಲ್ಯುಮಿನಿಯಂ ಅಂಚು ಮಡಚಿಹೋಗುತ್ತದೆ.

ಈಗ ಮುಖ್ಯ ವಿಷಯ. ದೊಡ್ಡ ತೂತಿನ ಪಕ್ಕ ಬೆಂಕಿಕಡ್ಡಿಯಷ್ಟು ದಪ್ಪದ ಇನ್ನೊಂದು ಚಿಕ್ಕ ತೂತು ಇರುತ್ತದೆ, ಹರಿದ ಪ್ಯಾಕಿಂಗಿನಲ್ಲಿ ಅದು ಕಾಣದೇ ಹೋಗಬಹುದು. ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ಅದರ ಕೆಳಗಿನ ಕ್ರ್ಯಾಂಕ್ ಕೇಸಿನೊಳಗಿನ ಗಾಳಿಯ ಒತ್ತಡ ಏರಿಳಿಯುತ್ತದಲ್ಲ, ಅದು ಈ ತೂತಿನ ಮೂಲಕ ಬಂದು ಕಾರ್ಬೊರೇಟರಿನ ತೆಳು ಪೊರೆಯನ್ನು ಅಲ್ಲಾಡಿಸುತ್ತದೆ. ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವುದು ಅದೇ ಪೊರೆ. ತೂತು ಮರೆತರೆ, ಸ್ಟಾರ್ಟ್ ಮಾಡುವ ಮೊದಲು ಕಾರ್ಬೊರೇಟರಿನ ರಬ್ಬರ್ ಬಲ್ಬ್ ಒತ್ತಿದಷ್ಟು ಪೆಟ್ರೋಲಿನಲ್ಲಿ ಮಿಷನ್ ಸ್ಟಾರ್ಟ್ ಆಗುತ್ತದೆ, ನಾಲ್ಕು ಉಸಿರು ಓಡಿ ನಿಲ್ಲುತ್ತದೆ. ನೀವು ಪ್ಲಗ್ ಬದಲಿಸುತ್ತಾ ಕೂರುತ್ತೀರಿ.

ಇಂಜಿನ್ನಿಗೂ ಕಾರ್ಬೊರೇಟರಿಗೂ ನಡುವಿನ ಕಪ್ಪು ಬ್ಲಾಕಿಗೆ ಎರಡೂ ಬದಿ ಪ್ಯಾಕಿಂಗ್ ಬೇಕು. ಎರಡರಲ್ಲೂ ಆ ತೂತು ಬೇಕು.

ಶಿರಸಿಯಿಂದ

ಶೀಟ್ ಸಿಗದಿದ್ದರೆ ಲಗ್ನಪತ್ರಿಕೆ! ಹೊಳಪಿನ ಲೇಪ, ಬಂಗಾರದ ಅಕ್ಷರ ಇಲ್ಲದ ಜಾಗ ನೋಡಿ ಕತ್ತರಿಸಿ. ನಮ್ಮದು ಹಾಗೆ ಒಂದು ಮಳೆಗಾಲ ದಾಟಿದೆ. ಶಾಶ್ವತ ಅನ್ನಲಾರೆ, ಸೆಟ್ ಬರುವವರೆಗೆ ಅಡ್ಡಿಯಿಲ್ಲ. ಸೈಕಲ್ ಟ್ಯೂಬ್ ಮಾತ್ರ ಇಲ್ಲಿ ಬೇಡ, ಪೆಟ್ರೋಲಿಗೆ ಉಬ್ಬುತ್ತದೆ. ಪಂಪಿನ ನೀರಿನ ಕಡೆಗಾದರೆ ಅದೇ ಚೆನ್ನ.

ದಾವಣಗೆರೆಯಿಂದ

ಗ್ಯಾರೇಜ್ ಕೆಲಸ ನನ್ನದು. ಹಳೇ ಪ್ಯಾಕಿಂಗ್ ಒಣ ಒಣಗೆ ಉಜ್ಜಬೇಡಿ ಸಾರ್, ಆಸ್ಬೆಸ್ಟಾಸ್ ಇದ್ದರೆ ಆ ಧೂಳು ಎದೆಗೆ ಕೆಟ್ಟದ್ದು. ಒದ್ದೆ ಮಾಡಿ ನಿಧಾನಕ್ಕೆ ಕೆರೆದು ತೆಗೀರಿ. ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿ ಮಾಡಿ, ಹತ್ತು ನಿಮಿಷ ಓಡಿಸಿ, ಆರಿದ ಮೇಲೆ ಇನ್ನೊಮ್ಮೆ ನೋಡಿ. ಆಕ್ಸಿಲರೇಟರ್ ಬಿಟ್ಟ ಮೇಲೂ ರೇಸ್ ಇಳಿಯದಿದ್ದರೆ ಪ್ಯಾಕಿಂಗ್ ಸಂದಿಯಿಂದ ಗಾಳಿ ಎಳೆಯುತ್ತಿರಬಹುದು, ಅಲ್ಲಿಗೇ ನಿಲ್ಲಿಸಿ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜತೆ. ಗಾಳಿ ಜಾಸ್ತಿಯಾದರೆ ಆಯಿಲ್ ಸಾಲದೆ, ಬಿಸಿಯೇರಿ ಪಿಸ್ಟನ್ ಜಾಮ್.

ಇದನ್ನು ನೋಡಿ ಪಂಪ್‌ಸೆಟ್ ಇಂಜಿನ್ನಿನ ಹೆಡ್ಡಿಗೂ (ಸಿಲಿಂಡರಿನ ಮೇಲಿನ ಮುಚ್ಚಳಕ್ಕೂ) ಯಾರೂ ಕಾಗದ ಹಾಕಬೇಡಿ, ಸುಟ್ಟುಹೋಗುತ್ತದೆ. ಕೆಲವರು ತಾಮ್ರದ ತಗಡನ್ನು ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಹಾಕುತ್ತಾರೆ, ನಾನು ಕಂಪನಿಯದ್ದೇ ತರಿಸುತ್ತೇನೆ.

ಮತ್ತೆ ಕೊಪ್ಪದಿಂದ

ಶೀಟಿನಲ್ಲೇ ಮಾಡಿದೆ. ಚಿಕ್ಕ ತೂತನ್ನೂ ಹೊಡೆದಿದ್ದೆ, ಆದರೂ ಸ್ಟಾರ್ಟ್ ಆಗಿ ಆಗಿ ನಿಂತಿತು. ಬಿಚ್ಚಿ ನೋಡಿದರೆ ಪ್ಯಾಕಿಂಗ್ ತಿರುಗಾಮುರುಗಾ ಕೂರಿಸಿದ್ದೆ, ತೂತು ಆಚೆ ಬದಿಗೆ ಹೋಗಿತ್ತು! ಮಗುಚಿ ಹಾಕಿದೆ. ಈಗ ಅರ್ಧ ತೋಟ ಮುಗಿಯಿತು.